ನಿಮಗೆ ಆಗಲ್ವಾ?

ಮೊನ್ನೆ ಭಾನುವಾರ ಮುರ್ಡೇಶ್ವರದಲ್ಲಿ ನಾದಿನಿಯ ಮನೆ ಒಕ್ಕಲು. ಊಟ ಮುಗಿಸಿ ಹೈವೇಗೆ ಬಂದು ಕುಮಟಾ ಬಸ್ ಹತ್ತುವಾಗ ಮೂರು ಗಂಟೆ. ಮೇ ತಿಂಗಳ ಕರಾವಳಿ, ಹೇಳಬೇಕಾ? ಶಿರಸಿಯಿಂದ ಘಟ್ಟ ಇಳಿದವರ ಪಾಡು ಇಳಿದವರಿಗೇ ಗೊತ್ತು.

ಖಾಲಿ ಇದ್ದದ್ದು ಒಂದೇ ಸೀಟು. ಪಕ್ಕದಲ್ಲಿ ಭಟ್ಕಳದಿಂದ ಹತ್ತಿದ ಹುಡುಗಿ. ಕಪ್ಪು ಬುರ್ಖಾ, ಮುಖಕ್ಕೂ ಪರದೆ, ಕಣ್ಣಷ್ಟೇ ಕಾಣುತ್ತಿತ್ತು. ಒಳಗಿಂದ ಮಲ್ಲಿಗೆ ಮಾತ್ರ ಘಮ್ಮೆನ್ನುತ್ತಿತ್ತು. ಭಟ್ಕಳ ಮಲ್ಲಿಗೆ, ಮುಚ್ಚಿಟ್ಟರೆ ಸುಮ್ಮನಿರತ್ತಾ?

ಐದು ನಿಮಿಷ ತಡೆದೆ. ಆಮೇಲೆ ಕೇಳಿಯೇಬಿಟ್ಟೆ.

"ಅಲ್ಲಾ ತಂಗಿ, ಇದ್ರೊಳಗೆ ಸೆಕೆ ಆಗಲ್ವಾ?"

ಅವಳು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದಳು. "ಆಗತ್ತೆ ಆಂಟಿ. ನಿಮಗೆ ಆಗಲ್ವಾ?"

ಮದುವೆಯ ಕಾಲದ ಜರಿ ಸೀರೆ, ಒಳಲಂಗ, ಬೆನ್ನಿಗೆ ಅಂಟಿದ ರವಿಕೆ, ಕುತ್ತಿಗೆಯಲ್ಲಿ ಎರಡೆಳೆ ಸರ. ನಾನು ತೊಪ್ಪೆಯಾಗಿದ್ದೆ. ಮುಂದಿನ ಸೀಟಿನವರು ಅಂಗಿಯ ಮೂರು ಗುಂಡಿ ಬಿಚ್ಚಿಕೊಂಡು ಕೂತಿದ್ದರು. ತಿರುಗಿ ನನ್ನ ಕಡೆ ನೋಡಿ ಒಂದು ನಗು ನಕ್ಕರು, ನಾವಿಬ್ಬರೂ ಒಂದೇ ಪಾರ್ಟಿ ಅನ್ನೋ ಹಾಗೆ. ನನಗದು ಸರಿ ಬರಲಿಲ್ಲ.

ಮಾತು ಮುರಿಯಬಾರದು ಅಂತ ಹಿಜಾಬ್ ಬಗ್ಗೆ ಏನೋ ಶುರು ಮಾಡಿದೆ. ಅಲ್ಲೂ ತಪ್ಪು. "ಹಿಜಾಬ್ ಅಂದ್ರೆ ತಲೆಗೆ ಸುತ್ತೋದು ಆಂಟಿ. ಮುಖಕ್ಕಿರೋದು ನಿಖಾಬ್." 2022ರಲ್ಲಿ ತಿಂಗಳುಗಟ್ಟಲೆ ಟೀವಿ ಮುಂದೆ ಕೂತಿದ್ದೆ. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳದ್ದು ಎರಡು ಅಭಿಪ್ರಾಯ. ಗಲಾಟೆಯೆಲ್ಲ ಕ್ಲಾಸಿನಲ್ಲಿ ತಲೆಗೆ ಸುತ್ತುವ ಬಟ್ಟೆಯದು ಅನ್ನೋದು ತಲೆಗೇ ಹೋಗಿರಲಿಲ್ಲ! ಇವಳು ಆಗ ಪಿಯುಸಿ. "ಒಂದು ವರ್ಷ ಹೋಯ್ತು" ಅಂದಳು, ಬಸ್ಸು ತಪ್ಪಿತು ಅನ್ನೋ ಹಾಗೆ.

ಅಜ್ಜಿ ಸೀರೆ ಮೇಲೆ ಚಾದರ ಹೊದೆಯುತ್ತಿದ್ದರಂತೆ. ಅಮ್ಮನಿಗೆ ಬುರ್ಖಾ ಸಾಕು, ಮುಖ ಮುಚ್ಚಲ್ಲ. ದುಬೈಯಲ್ಲಿರುವ ಅಕ್ಕನದು ಬರೀ ಸ್ಕಾರ್ಫು. ಒಂದೇ ಮನೆ, ನಾಲ್ಕು ಥರ.

"ಬೇಡ ಅನ್ನಿಸಿದ್ರೆ ಬಿಡೋಕಾಗತ್ತಾ?" ಅಂದೆ.

ಕಿಟಕಿ ಕಡೆ ತಿರುಗಿದಳು. ಹೊನ್ನಾವರದ ಶರಾವತಿ ಸೇತುವೆ ದಾಟಿತು. ಫೋನ್ ಬಂತು, ನವಾಯತಿಯಲ್ಲಿ ಮಾತಾಡಿದಳು. ಭಟ್ಕಳದ ಮುಸ್ಲಿಮರ ಮನೆಮಾತು, ಕೊಂಕಣಿಯ ನಂಟಿನದು. ನಮ್ಮ ಪೇಟೆಯ ಕೊಂಕಣಿ ಕೇಳಿದ ಕಿವಿ, ಅರ್ಧ ಅರ್ಥವಾಯಿತು. ಅಮ್ಮನಿಗೆ ಊಟ ಆಯ್ತಾ ಅಂತ ಕೇಳುತ್ತಿದ್ದಳು. ನನ್ನ ಪ್ರಶ್ನೆ ಅಲ್ಲೇ ಉಳಿಯಿತು. ಕೇಳಬಾರದಿತ್ತಾ? ಗೊತ್ತಿಲ್ಲ. ಕೇಳಬೇಕಾದ ಪ್ರಶ್ನೆಯೇ ಅಂತ ಈಗಲೂ ಅನ್ನಿಸುತ್ತದೆ. ಆದರೆ ಬಸ್ಸಿನಲ್ಲಿ, ನಾನು, ಆ ನಗು ನಕ್ಕವರ ಬೆನ್ನ ಹಿಂದೆ?

ಕುಮಟಾದಿಂದ ಶಿರಸಿ ದಾರಿಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ಅಮ್ಮಮ್ಮ ನೆನಪಾದಳು. ಚಿಕ್ಕ ವಯಸ್ಸಿಗೇ ಗಂಡ ಹೋದ, ತಲೆ ಬೋಳಿಸಿದರು. ಸಾಯುವವರೆಗೂ ಕೆಂಪು ಸೀರೆ, ತಲೆ ಮೇಲೆ ಅದರದೇ ಸೆರಗು. ಅಡಿಕೆ ಬೇಯಿಸುವ ಒಲೆ ಮುಂದೆಯೂ ಸೆರಗು ಜಾರಿದ್ದು ನಾನು ನೋಡಿಲ್ಲ. ತಿಂಗಳಿಗೊಮ್ಮೆ ಹಿತ್ತಿಲಿಗೆ ಕ್ಷೌರದವನು ಬಂದರೆ ಮಕ್ಕಳನ್ನು ತೋಟಕ್ಕೆ ಓಡಿಸುತ್ತಿದ್ದರು. ಸೆಕೆ ಆಗಲ್ವಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅವಳ ಮಡಿಲಲ್ಲೇ ಬೆಳೆದವಳು. ಕೇಳಿದ್ದರೆ ಅವಳೂ ಕಿಟಕಿ ಕಡೆ ತಿರುಗುತ್ತಿದ್ದಳೇನೋ.

ಮನೆ ಮುಟ್ಟುವಾಗ ಕತ್ತಲೆ. ಇವರು ಪಂಚೆಯೊಂದನ್ನೇ ಉಟ್ಟು, ಬರಿಮೈಯಲ್ಲಿ ಜಗಲಿಯ ಫ್ಯಾನಿನಡಿ ಕೂತಿದ್ದರು.

"ಅದೆಂತಕ್ಕೆ ಅಷ್ಟು ಬೆವತಿದ್ದೆ?" ಅಂದರು.