ಇವಿಡಿ ಇರುವ ರೋಗಿಯ ಮಂಚವನ್ನು ಮುಟ್ಟುವ ಮುನ್ನ

ಮಿದುಳಿನ ಕುಹರಗಳಲ್ಲಿ ದ್ರವ ಕಟ್ಟಿಕೊಂಡು ಒತ್ತಡ ಏರಿದಾಗ, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಹಾಕುವ ನಳಿಕೆಯನ್ನು ನ್ಯೂರೋ ಐಸಿಯುಗಳಲ್ಲಿ ಇವಿಡಿ (ಎಕ್ಸ್‌ಟರ್ನಲ್ ವೆಂಟ್ರಿಕ್ಯುಲರ್ ಡ್ರೈನ್) ಎಂದು ಕರೆಯುತ್ತೇವೆ. ಇದಕ್ಕೆ ಪಂಪ್ ಇಲ್ಲ. ತಲೆಗೂ ದ್ರವ ತೊಟ್ಟಿಕ್ಕುವ ಕೊಳವೆಗೂ ಇರುವ ಎತ್ತರದ ವ್ಯತ್ಯಾಸವೇ ಹರಿವಿನ ಕಡಿವಾಣವಾದ್ದರಿಂದ, ಶುಶ್ರೂಷಕರ ಕೆಲಸದ ಬಹುಪಾಲು ಆ ಎತ್ತರವನ್ನು ಕಾಯುವುದರಲ್ಲೇ ಇದೆ.

ಕಿವಿಯ ರಂಧ್ರದ ಮುಂದಿರುವ ಟ್ರೇಗಸ್‌ನ ಮಟ್ಟವನ್ನು ಸೊನ್ನೆಯೆಂದು ಹಿಡಿದು, ವೈದ್ಯರು ಬರೆದಷ್ಟು ಎತ್ತರಕ್ಕೆ ಕೊಳವೆಯನ್ನು ಕಟ್ಟಬೇಕು. ಅಳತೆಪಟ್ಟಿಯಲ್ಲಿ ಸೆಂಟಿಮೀಟರ್ ಮತ್ತು ಪಾದರಸದ ಮಿಲಿಮೀಟರ್ ಎರಡೂ ಇರುವುದುಂಟು. ಪಾದರಸದ 10 ಮಿಲಿಮೀಟರ್ ಎಂದರೆ ನೀರಿನ ಸುಮಾರು 13.6 ಸೆಂಟಿಮೀಟರ್. ಆದೇಶದಲ್ಲಿ ಅಂಕಿ ಮಾತ್ರ ಇದ್ದರೆ, ಯಾವ ಮಾನ ಎಂದು ಕೇಳಿಯೇ ಮುಂದುವರಿಯಬೇಕು.

ವಯಸ್ಕರಲ್ಲಿ ಈ ದ್ರವ ಗಂಟೆಗೆ ಸುಮಾರು 20 ಮಿಲಿಲೀಟರ್ ಉತ್ಪತ್ತಿಯಾಗುತ್ತದೆ, ಆದರೆ ಒಂದು ಹೊತ್ತಿನಲ್ಲಿ ದೇಹದಲ್ಲಿರುವುದು ಸುಮಾರು 150 ಮಿಲಿಲೀಟರ್ ಅಷ್ಟೇ. ಊಟ ಮಾಡಿಸಲೆಂದು ಯಾರೋ ಮಂಚದ ತಲೆಭಾಗವನ್ನು ಎತ್ತಿದರೆ (ರೋಗಿಯ ಕಡೆಯವರು ಪ್ರೀತಿಯಿಂದಲೇ ಎತ್ತುತ್ತಾರೆ, ಅವರಿಗೆ ಮೊದಲೇ ತಿಳಿಸದಿರುವುದು ನಮ್ಮ ಲೋಪ), ಕೊಳವೆ ತಲೆಗಿಂತ ಕೆಳಗಾಗಿ ದ್ರವ ಅತಿಯಾಗಿ ಬಸಿದುಹೋಗುತ್ತದೆ. ಕುಹರಗಳು ಕುಸಿದು ಮಿದುಳನ್ನು ಹೊದ್ದಿರುವ ಹೊರಪೊರೆಯ ಕೆಳಗೆ ರಕ್ತಸ್ರಾವವಾಗಬಹುದು. ಒಡೆದ ಅನ್ಯೂರಿಸಂ (ರಕ್ತನಾಳದ ಗೋಡೆಯ ಉಬ್ಬು) ಇನ್ನೂ ಭದ್ರವಾಗದವರಲ್ಲಿ ಅದು ಮತ್ತೆ ಒಡೆಯುವ ಭಯವೂ ಇದೆ. ಆದ್ದರಿಂದ ರೋಗಿಯನ್ನು ಹೊರಳಿಸುವ, ಕೂರಿಸುವ, ಸಿಟಿ ಸ್ಕ್ಯಾನ್‌ಗೆ ಒಯ್ಯುವ ಮುನ್ನ ನಳಿಕೆಗೆ ಕ್ಲ್ಯಾಂಪ್ ಹಾಕಿ ಮುಚ್ಚಿ, ನಂತರ ಮಟ್ಟವನ್ನು ಹೊಸದಾಗಿ ಹೊಂದಿಸಿ ತೆರೆಯಬೇಕು. ತೆರೆಯಲು ಮರೆತರೆ ಒತ್ತಡ ಏರುತ್ತದೆ, ಆ ಮರೆವೂ ಅಷ್ಟೇ ಅಪಾಯಕಾರಿ.

ಪ್ರತಿ ಗಂಟೆಯ ಪ್ರಮಾಣ ಮತ್ತು ಬಣ್ಣವನ್ನು ರೋಗಿಯ ಎಚ್ಚರ, ಕಣ್ಣಿನ ಪಾಪೆಗಳ ಜೊತೆಗಿಟ್ಟು ಬರೆದರೆ ಮಾತ್ರ ಆ ಅಂಕಿಗಳಿಗೆ ಅರ್ಥ. ತಿಳಿಯಾಗಿದ್ದ ದ್ರವ ಹಠಾತ್ತನೆ ಕೆಂಪಾದರೆ ಅಥವಾ ಕದಡಿದಂತಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಹರಿವು ನಿಂತರೆ ನಳಿಕೆ ಮಡಚಿದೆಯೇ, ಸ್ಟಾಪ್‌ಕಾಕ್ (ಹರಿವನ್ನು ತೆರೆದು ಮುಚ್ಚುವ ತಿರುಗಣೆ) ಮುಚ್ಚಿದೆಯೇ, ಗಾಳಿಯ ಫಿಲ್ಟರ್ ಒದ್ದೆಯಾಗಿದೆಯೇ ಎಂದು ನೋಡಬಹುದು. ಕೊಳವೆಯನ್ನು ಕ್ಷಣಕಾಲ ತಗ್ಗಿಸಿ ಹನಿ ಬೀಳುವುದೇ ಎಂದು ಪರೀಕ್ಷಿಸಿ ಮತ್ತೆ ಮೊದಲಿನ ಮಟ್ಟಕ್ಕೆ ತರಬೇಕು. ಆಗಲೂ ಹರಿಯದಿದ್ದರೆ ನರಶಸ್ತ್ರಚಿಕಿತ್ಸಕರನ್ನು ಕರೆಯಬೇಕೇ ಹೊರತು, ಸಿರಿಂಜ್ ಹಿಡಿದು ನಾವೇ ಫ್ಲಶ್ ಮಾಡಲು ಹೊರಡಬಾರದು.

ಮುಚ್ಚಿದ ವ್ಯವಸ್ಥೆಯನ್ನು ತೆರೆದಷ್ಟೂ ಸೋಂಕಿನ ಸಾಧ್ಯತೆ ಹೆಚ್ಚುವುದರಿಂದ, ಕಾರಣವಿಲ್ಲದೆ ನಿತ್ಯ ಮಾದರಿ ತೆಗೆಯುವ ರೂಢಿ ಒಳ್ಳೆಯದಲ್ಲ. ಪಕ್ಕದಲ್ಲೇ ಐವಿ ಲೈನ್‌ಗಳು ಇಳಿಬಿದ್ದಿರುವಾಗ ಇವಿಡಿಯ ಸ್ಟಾಪ್‌ಕಾಕ್ ಮೇಲೆ ಎದ್ದುಕಾಣುವ ಲೇಬಲ್ ಇರಲೇಬೇಕು, ಏಕೆಂದರೆ ರಕ್ತನಾಳಕ್ಕೆ ಹೋಗಬೇಕಾದ ಔಷಧ ತಪ್ಪಿ ಮಿದುಳಿನ ಕುಹರವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ.