ಹನಿಯ ನೆರಳು: ಪುನರ್ವಸು ಮಳೆಯ ಹೊತ್ತಿಗೆ ಆದ ಕೆಲಸ

ಲೇಸರ್, ಮಸೂರ, ಬೆಳಕು ಗ್ರಹಿಸುವ 128 ಬಿಂದುಗಳು ಒಂದೇ ಸಾಲಿನಲ್ಲಿರುವ ಲೈನ್ ಸೆನ್ಸರ್, ಎರಡು ಪಿವಿಸಿ ತೋಳು. ಮಳೆಹನಿಗಳ ಗಾತ್ರ ಅಳೆಯಲು ಇಷ್ಟೂ ಶಿರಸಿಯ ನಮ್ಮ ಅಂಗಳದ ಕಂಬ ಏರಿವೆ. ತೋಳುಗಳ ನಡುವಿನ ಬೆಳಕನ್ನು ಹಾದು ಬೀಳುವ ಹನಿಯ ನೆರಳು ಸೆನ್ಸರ್ ಮೇಲೆ ಮೂಡುತ್ತದೆ; ಅದನ್ನು ಸಾಲು ಸಾಲಾಗಿ ಓದಿ ಜೋಡಿಸಿದರೆ ಹನಿಯ ಚಿತ್ರ. ಅರ್ಧಕ್ಕಿಂತ ಹೆಚ್ಚು ಬೆಳಕು ಕಳೆದುಕೊಂಡ ಬಿಂದುವನ್ನು ಮಾತ್ರ ನೆರಳೆಂದು ಎಣಿಸುತ್ತೇನೆ. ಉಪಾಯ ನನ್ನದಲ್ಲ, ರಾಬರ್ಟ್ ನೋಲನ್‌ಬರ್ಗ್ 1970ರಲ್ಲಿ ಪ್ರಕಟಿಸಿದ್ದು. ಮೋಡದೊಳಗೆ ನುಗ್ಗುವ ಸಂಶೋಧನಾ ವಿಮಾನಗಳ ರೆಕ್ಕೆಯಡಿ ಇಂದಿಗೂ ಇದೇ ತತ್ವದ ಉಪಕರಣಗಳಿವೆ.

ಅವುಗಳಲ್ಲಿ ಮಳೆ ಕಣಗಳಿಗೆಂದೇ ಇರುವ ಪಿಐಪಿ ಉಪಕರಣದ 64 ಡಯೋಡುಗಳಲ್ಲಿ (ಬೆಳಕು ಗ್ರಹಿಸುವ ಬಿಂದುಗಳಲ್ಲಿ) ಒಂದೊಂದು ನೋಡುವುದು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ನನ್ನದು 63.5. ಕಾಗದದ ಮೇಲೆ ನಾನೇ ಮುಂದು! ಆದರೆ ಸೆಕೆಂಡಿಗೆ 100 ಮೀಟರ್ ಹಾರುವ ವಿಮಾನದಲ್ಲಿ ಅದು ಸೆಕೆಂಡಿಗೆ 10 ಲಕ್ಷ ಸಾಲು ಓದಬೇಕು, ಓದುತ್ತದೆ. ನನ್ನದು 25 ಸಾವಿರಕ್ಕೇ ಏದುಸಿರು ಬಿಡುತ್ತದೆ. 2 ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ಬೀಳುವುದರಿಂದ ಚಿತ್ರದ ಅಗಲ 31 ಬಿಂದು, ಎತ್ತರ ಎಂಟೇ ಸಾಲು: ಹಲಸಿನ ಹಪ್ಪಳದಷ್ಟು ಚಪ್ಪಟೆ. ಅದನ್ನು ಪ್ರೋಗ್ರಾಮಿನಲ್ಲಿ ಎಳೆದು ಸರಿಮಾಡುತ್ತೇನೆ.

ನಿಜವಾದ ತಲೆನೋವು ಸಿಡಿತ. ತೋಳಿಗೆ ಬಡಿದ ದೊಡ್ಡ ಹನಿ ಒಡೆದು, ಚೂರುಗಳು ಬೆಳಕಿಗೆ ಹಾರುತ್ತವೆ. ಲೆಕ್ಕದಲ್ಲಿ ಜಡಿಮಳೆಗೂ ತುಂತುರಿನ ವೇಷ. ವಿಮಾನಗಳಿಗೂ ಇದೇ ಕಾಟ: ಹಿಮದ ಹರಳು ಉಪಕರಣದ ತುದಿಗೆ ಬಡಿದು ಪುಡಿಯಾಗಿ, ಮೋಡದಲ್ಲಿ ಇಲ್ಲದ ಸಣ್ಣ ಹರಳುಗಳು ಹಳೆಯ ಅಳತೆಗಳಲ್ಲಿ ಎಷ್ಟೋ ಸೇರಿಕೊಂಡಿವೆ. ಕೆನಡಾದ ಮೋಡ ವಿಜ್ಞಾನಿ ಅಲೆಕ್ಸಿ ಕೊರೊಲೆವ್ ಚೂರುಗಳು ಹೊರಗೆ ಹಾರುವಂತೆ ತುದಿಗಳ ಆಕಾರವನ್ನೇ ಬದಲಿಸಿದರು. ನಾನೂ ಬಿಸ್ಕತ್ ಡಬ್ಬಿಯ ತಗಡು ಕತ್ತರಿಸಿ, ಎರಡೂ ತೋಳಿಗೆ ಹೊರಕ್ಕೆ ಇಳಿಜಾರಾದ ಮಾಡು ಹೊದಿಸಿದೆ. ಸಿಡಿತ ಇಳಿಯಿತು, ನಿಲ್ಲಲಿಲ್ಲ.

ಉಳಿದದ್ದಕ್ಕೆ ಕಾಲದ ಜರಡಿ. ಚೂರುಗಳು ಗುಂಪಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ನನ್ನ ಬೆಳಕಿನ ಪಟ್ಟಿ ಅಂಗೈಗಿಂತ ಕಿರಿದಾದ್ದರಿಂದ ನಿಜವಾದ ಹನಿಗಳ ನಡುವೆ ಬಿಡುವು ಧಾರಾಳ. 5 ಮಿಲಿಸೆಕೆಂಡಿನೊಳಗೆ ಬಂದವರೆಲ್ಲ ಹೊರಗೆ. ವಿಮಾನದ ದತ್ತಾಂಶಕ್ಕೂ ಇದೇ ಬಗೆಯ ಜರಡಿ ಹಿಡಿಯುತ್ತಾರೆ, ಮಿತಿ ಮಾತ್ರ ಇನ್ನೂ ಬಿಗಿ.

ಮಸೂರಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಗಾಜಿನ ಹಿಂದೆ ಬೆಚ್ಚಗಾಗುವ ರೆಸಿಸ್ಟರ್ ಅಂಟಿಸಿದ ಮೇಲೆ ಬೆವರುವುದು ನಿಂತಿದೆ.

ಇನ್ನು ಹನಿಗಳ ಗಾತ್ರ ಕೂಡಿಸಿ, ಅಪ್ಪಯ್ಯ ದಿನವೂ ಬೆಳಿಗ್ಗೆ ಬರೆದಿಡುವ ಮಳೆಮಾಪಕದ ಲೆಕ್ಕಕ್ಕೆ ತಾಳೆ ನೋಡಬೇಕು. ಅವರ ಪುಸ್ತಕವನ್ನು ಈಗಾಗಲೇ ಕೇಳಿಟ್ಟಿದ್ದೇನೆ. ಕೊಡುತ್ತಾರಂತೆ, ಮನೆಯಿಂದ ಹೊರಗೆ ಒಯ್ಯಬಾರದಷ್ಟೇ.