ಮಂಡಿಯೂರಿದ ಮಂತ್ರಿ

ಈ ಭಾನುವಾರ ನಮ್ಮ ಓದುಬಳಗದಲ್ಲಿ ತೋರಿಸಿದ ಹಳೆಯ ದೃಶ್ಯವೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 1983ರ ಮಾರ್ಚ್, ನಿಕರಾಗುವಾದ ಮನಾಗುವಾ ವಿಮಾನ ನಿಲ್ದಾಣ. ಪಾದ್ರಿಯೂ ಕವಿಯೂ, ಸರ್ವಾಧಿಕಾರಿ ಸೊಮೋಸಾನನ್ನು ಉರುಳಿಸಿ ಬಂದ ಎಡಪಂಥೀಯ ಸಾಂಡಿನಿಸ್ಟಾ ಸರ್ಕಾರದ ಸಂಸ್ಕೃತಿ ಸಚಿವರೂ ಆಗಿದ್ದ ಅರ್ನೆಸ್ಟೋ ಕಾರ್ದೆನಾಲ್ ಟೋಪಿ ತೆಗೆದು, ನಗುತ್ತಲೇ ಮಂಡಿಯೂರುತ್ತಾರೆ. ಪೋಪ್ ಎರಡನೇ ಜಾನ್ ಪಾಲ್ ಬೆರಳಾಡಿಸಿ, ಚರ್ಚಿನೊಂದಿಗಿನ ಸಂಬಂಧ ಸರಿಪಡಿಸಿಕೊಳ್ಳುವಂತೆ ಗದರಿಸುತ್ತಾರೆ.

ಕಾರ್ಮಿಕ ಸಂಘದಲ್ಲೇ ತಲೆ ನೆರೆಸಿಕೊಂಡ ಹಿರಿಯರೊಬ್ಬರು, “ಕ್ರಾಂತಿ ಮಾಡಿದವನನ್ನೂ ಮಂಡಿಯೂರಿಸುವುದೇ ಧರ್ಮ” ಎಂದರು. ಪಕ್ಕದಲ್ಲಿದ್ದ ಕ್ರೈಸ್ತ ಸನ್ಯಾಸಿನಿ ತಡಮಾಡದೆ, “ಅವನನ್ನು ಕ್ರಾಂತಿಗೆ ಎಬ್ಬಿಸಿದ್ದೂ ಅದೇ ಧರ್ಮವಲ್ಲವೇ?” ಎಂದರು.

ಆ ಮರುಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಹಿರಿಯರ ಪ್ರಾಮಾಣಿಕತೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮಾರ್ಕ್ಸ್ 1844ರಲ್ಲಿ ಬರೆದದ್ದು ಅವರ ಪಾಲಿಗೆ ‘ಧರ್ಮ ಜನರ ಅಫೀಮು’ ಎಂಬ ಮಾತಿನಲ್ಲೇ ಮುಗಿದುಹೋಗಿದೆ. ಧರ್ಮವನ್ನು ದಮನಿತರ ನಿಟ್ಟುಸಿರು, ಹೃದಯಹೀನ ಜಗತ್ತಿನ ಹೃದಯ ಎಂದು ಕರೆದದ್ದೂ ಅದೇ ಪುಟದಲ್ಲಿದೆ.

ಸಚಿವರಾಗುವ ಮೊದಲು ನಿಕರಾಗುವಾದ ಸೊಲೆಂಟಿನಾಮೆ ದ್ವೀಪಗಳಲ್ಲಿ ಕಾರ್ದೆನಾಲ್ ಭಾನುವಾರದ ಪೂಜೆಯಲ್ಲಿ ಪ್ರವಚನ ಕೊಡುವ ಬದಲು, ರೈತರೂ ಮೀನುಗಾರರೂ ಸುವಾರ್ತೆಯನ್ನು ತಾವೇ ಓದಿ ಚರ್ಚಿಸಲು ಬಿಡುತ್ತಿದ್ದರು. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿ, ಹಸಿದವರನ್ನು ತೃಪ್ತಿಪಡಿಸಿ, ಧನಿಕರನ್ನು ಬರಿಗೈಯಲ್ಲಿ ಕಳುಹಿಸಿದ ದೇವರನ್ನು ಯೇಸುವಿನ ತಾಯಿ ಮರಿಯಳು ಹಾಡಿ ಹೊಗಳುವ ಸಾಲುಗಳು ಸೊಮೋಸಾನ ಸರ್ವಾಧಿಕಾರದಡಿ ಬದುಕುತ್ತಿದ್ದವರಿಗೆ ಸತ್ತ ಮೇಲಿನ ಮೋಕ್ಷದ ಮಾತಾಗಿ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಅಲ್ಲಿನ ಯುವಕರು ಬಂದೂಕು ಹಿಡಿದರು. 1977ರಲ್ಲಿ ಸೊಮೋಸಾನ ಸೇನೆ ಆ ನೆಲೆಯನ್ನೇ ಧ್ವಂಸ ಮಾಡಿತು. ಬಂದೂಕಿನ ದಾರಿಯನ್ನು ನಾನು ಒಪ್ಪಲಾರೆ, ಆದರೆ ಆ ಓದನ್ನು ತಪ್ಪೆನ್ನಲೂ ಆರೆ.

ಪೋಪರನ್ನು ಖಳನೆಂದು ಕರೆಯುವುದೂ ಅನ್ಯಾಯವೇ. ತಾಯ್ನಾಡು ಪೋಲೆಂಡಿನಲ್ಲಿ ಅವರು ಕಂಡಿದ್ದ ಮಾರ್ಕ್ಸ್‌ವಾದ ಅಧಿಕಾರದ ಗದ್ದುಗೆಯಲ್ಲಿತ್ತು. ಕಾರ್ದೆನಾಲ್ ಕಂಡದ್ದು ಸರ್ವಾಧಿಕಾರಿಯ ಎದುರು ನಿಂತವರ ಕೈಯಲ್ಲಿ. ವಿಮೋಚನೆಯ ಮಾತು ಧರ್ಮದ್ದೇ ಇರಲಿ, ಮಾರ್ಕ್ಸನದ್ದೇ ಇರಲಿ, ಗದ್ದುಗೆ ಏರಿದೊಡನೆ ಜನ ತಾವಾಗಿ ಓದುವುದಕ್ಕೆ ಹೆದರತೊಡಗುತ್ತದೆ ಎಂದು ನನಗನ್ನಿಸುತ್ತದೆ.

1984ರಲ್ಲಿ ಕಾರ್ದೆನಾಲ್ ಅವರ ಪಾದ್ರಿಯ ಅಧಿಕಾರವನ್ನು ಚರ್ಚು ಅಮಾನತುಗೊಳಿಸಿತು. ಪೋಪ್ ಫ್ರಾನ್ಸಿಸ್ ಅದನ್ನು ತೆರವುಗೊಳಿಸಿದ್ದು 2019ರಲ್ಲಿ. ಅಷ್ಟರಲ್ಲಿ ಅವರು ಸಾಂಡಿನಿಸ್ಟಾ ಪಕ್ಷವನ್ನು ತೊರೆದು, ಅದರ ನಾಯಕ ಡೇನಿಯಲ್ ಒರ್ಟೆಗಾರ ಕಟು ಟೀಕಾಕಾರರಾಗಿದ್ದರು. 2020ರ ಮಾರ್ಚಿನಲ್ಲಿ ಮನಾಗುವಾದ ಕೆಥೆಡ್ರಲ್‌ನಲ್ಲಿ ನಡೆದ ಅವರ ಅಂತ್ಯಸಂಸ್ಕಾರದ ಪೂಜೆಗೆ ನುಗ್ಗಿದ ಒರ್ಟೆಗಾ ಬೆಂಬಲಿಗರು “ದ್ರೋಹಿ” ಎಂದು ಕೂಗಿದರು. ಪೋಪರ ಬೆರಳಿನ ಮೇಲೆ ಅಷ್ಟು ಸಿಟ್ಟಾದ ನಮ್ಮ ಹಿರಿಯರು ಈ ಕೂಗಿನ ಮೇಲೂ ಅಷ್ಟೇ ಸಿಟ್ಟಾಗಬೇಕೆಂಬುದು ನನ್ನ ಆಸೆ, ಮುಂದಿನ ಭಾನುವಾರ ಅವರನ್ನು ಇದನ್ನೇ ಕೇಳಲಿದ್ದೇನೆ.